ಬೆಕ್ಕಿಗೊಂದು ಬೆಚ್ಚನೆಯ ಜಾಗ

ಎಲೆಕ್ಟ್ರಿಕಲ್ ಅಂಗಡಿಯ ಸಾಲಿನಲ್ಲಿ ನನ್ನ ಮುಂದೆ ಅಕ್ಕ ತಂಗಿ ನಿಂತಿದ್ದರು. ತಂಗಿಯ ಕೈಯಲ್ಲಿ ಹೊಸ ಎಕ್ಸ್‌ಟೆನ್ಷನ್ ಬಾಕ್ಸ್ ಇತ್ತು.

“ಮನೇಲಿ ಒಂದಿದೆಯಲ್ಲೇ?”

“ಅದರಲ್ಲಿ ಜಾಗ ಇಲ್ಲ ಅಕ್ಕಾ. ರೂಮ್ ಹೀಟರ್, ಇಸ್ತ್ರಿಪೆಟ್ಟಿಗೆ, ಟಿವಿ ಎಲ್ಲಾ ಅದರಲ್ಲೇ. ಇದನ್ನೂ ಅದಕ್ಕೇ ಸಿಕ್ಕಿಸ್ತೀನಿ.”

“ಬಾಕ್ಸಿಗೆ ಬಾಕ್ಸ್ ಸಿಕ್ಕಿಸ್ತಾರೇನೇ? ಬೆಂಕಿ ಹತ್ಕೊಂಡ್ರೆ?”

“ಸುಮ್ನಿರಕ್ಕ, ಏನೂ ಆಗಲ್ಲ. ನಮ್ಮ ಬೆಕ್ಕು ದಿನಾ ಅದರ ಮೇಲೇ ಮಲಗುತ್ತೆ.”

“ಮೆತ್ತನೆ ಸೋಫಾ ಬಿಟ್ಟು ಅದರ ಮೇಲ್ಯಾಕೆ?”

“ಅಲ್ಲಿ ಬೆಚ್ಚಗಿರುತ್ತಲ್ಲ...”

ತಂಗಿ ಕೈಯಲ್ಲಿದ್ದ ಬಾಕ್ಸನ್ನು ನೋಡಿದಳು. ಅಕ್ಕ ಅವಳನ್ನೇ ದುರುಗುಟ್ಟಿ ನೋಡಿದಳು.

“ಮನೆಗೆ ಹೋದ ತಕ್ಷಣ ಹೀಟರ್, ಇಸ್ತ್ರಿಪೆಟ್ಟಿಗೆ ಎರಡನ್ನೂ ಅದರಿಂದ ಕಿತ್ತು ಗೋಡೆಯ ದೊಡ್ಡ ಸಾಕೆಟ್ಟಿಗೇ ಹಾಕು.”

ತಂಗಿ ಬಾಕ್ಸನ್ನು ಕೊಳ್ಳದೆ ಕೌಂಟರಿನ ಮೇಲಿಟ್ಟಳು. ಇಬ್ಬರೂ ಬಾಗಿಲು ದಾಟುವಾಗ ಅವಳ ದನಿ ಕೇಳಿಸಿತು.

“ಹಾಕ್ತೀನಿ. ಆದ್ರೆ ಬೆಕ್ಕಿಗೆ ನೀನೇ ಬಂದು ಹೇಳ್ಬೇಕು.”