ಹಣ್ಣು ಯಾವುದು, ಕಾಯಿ ಯಾವುದು

ಮುದ್ದೇಬಿಹಾಳದ ಬಸ್ ನಿಲ್ದಾಣದಲ್ಲಿ ತಂಗಡಗಿ ಬಸ್ಸಿಗೆ ಕಾಯುತ್ತಿದ್ದ ಭುವನೇಶ್ವರಿ ಟೀಚರ ಕಿವಿಗೆ ಪಕ್ಕದ ಬೆಂಚಿನ ಮಾತು ಬೇಡವೆಂದರೂ ಬೀಳುತ್ತಿತ್ತು. ಅಪ್ಪ ಮಗಳು ಕುಳಿತಿದ್ದರು. ಮಗಳ ತೊಡೆಯ ಮೇಲೆ ಆಸ್ಪತ್ರೆಯ ಲಕೋಟೆಯಿತ್ತು.

“ಪರೀಕ್ಷಾ ಪಾಸಾದಿ, ಇಂಟರ್‌ವ್ಯೂ ಪಾಸಾದಿ. ಪೈಲಟ್ ಟ್ರೇನಿಂಗಿಗೆ ತಗೋತೇವಿ ಅಂದ ವಿಮಾನ ಕಂಪನಿಯವರು ಈಗ ಯಾಕ ಒಲ್ಲೆ ಅಂತಾರ?”

“ಕಣ್ಣಿನ ತಪಾಸಣಿಯೊಳಗ ಫೇಲಾದೆನಪ್ಪಾ.”

“ಚಷ್ಮಾ ಹಾಕಿಸೂಣು.”

“ಚಷ್ಮಾದಿಂದ ಹೋಗೂದಲ್ಲ. ನನಗ ಕೆಂಪು, ಹಸರು ಬ್ಯಾರೆ ಬ್ಯಾರೆ ಕಾಣಂಗಿಲ್ಲಂತ. ವಿಮಾನ ಹಾರಸಾವ್ರಿಗೆ ದೀಪದ ಬಣ್ಣ ತಿಳೀಬೇಕು.”

“ಔಷಧ ಇರ್ತೈತಲ್ಲ?”

“ಇಲ್ಲ. ಹುಟ್ಟಿನಿಂದ ಬಂದದ್ದು.”

“ನಮ್ಮ ಮನ್ಯಾಗ ಯಾರಿಗೈತಿ ಅಂಥಾದ್ದು?”

ಹುಡುಗಿ ಲಕೋಟೆಯ ಅಂಚು ಮಡಚಿದಳು.

“ಹೇಳವಾ ವಿಜಯಶ್ರೀ.”

“ಮೆಣಸಿನಕಾಯಿ ಹರಿಯೂ ಮುಂದ ಹಣ್ಣು ಯಾವ್ದು, ಕಾಯಿ ಯಾವ್ದು ಅಂತ ನೀ ಯಾವಾಗ್ಲೂ ಅವ್ವನ್ನ ಕೇಳ್ತಿದ್ದಿ.”

ಅಪ್ಪ ತನ್ನ ಅಂಗೈ ನೋಡಿಕೊಂಡ.

“ನನ್ನ ಕಣ್ಣು ಮಂದ ಅಂತ ತಿಳ್ಕೊಂಡಿದ್ದೆ. ನನ್ನಿಂದ ಬಂತೇನು?”

“ನಿನ್ನಿಂದಷ್ಟ ಅಲ್ಲ, ಅವ್ವಗ ಬಣ್ಣ ಕಂಡ್ರೂ ಆಕಿಯಿಂದೂ ಬರಬೇಕಂತ. ಯಾರ ತಪ್ಪೂ ಅಲ್ಲಪ್ಪಾ.”

“ಇನ್ನೊಂದು ಕಂಪನಿ?”

“ಎಲ್ಲಾ ಕಡೆ ಇದ ತಪಾಸಣಿ.”

“ನಿಮ್ಮವ್ವ ಊರ ತುಂಬ ಪೇಡೆ ಹಂಚ್ಯಾಳ. ಆಕಿಗೆ ಏನಂತ ಹೇಳೂದು?”

“ಎತ್ತರ ಕಡಿಮಿ ಬಿತ್ತು ಅಂತ ಹೇಳೂಣು. ಕಣ್ಣಿಂದು ಬ್ಯಾಡ, ತನ್ನಿಂದ ಬಂತಂತ ಕೊರಗ್ತಾಳ.”

ತಾಳಿಕೋಟಿ ಬಸ್ ಬಂತು. ಮಗಳು ಎದ್ದಳು. ಅಪ್ಪ ಏಳಲಿಲ್ಲ. ಅವಳೇ ಅವನ ರಟ್ಟೆ ಹಿಡಿದು ಎಬ್ಬಿಸಿದಳು. ಇಬ್ಬರೂ ಜನರ ನಡುವೆ ನುಗ್ಗಿ ಬಸ್ ಹತ್ತಿದರು.