ಗೆರೆಗೆ ಕೂತ ಡ್ರಮ್ಮು

ಬಸ್ಸಿಗೆ ಕಾಯುವ ಸಾಲಿನಲ್ಲಿ ಒಬ್ಬ ದರ್ಜಿಯ ಮುಂದೆಯೇ ಗಂಡ ಹೆಂಡತಿ ನಿಂತಿದ್ದರು. ಗಂಡನ ಕಾಲ ಬಳಿ ಡ್ರಮ್ಮು, ಹೆಂಡತಿಯ ಕಿವಿಯಲ್ಲಿ ಇಯರ್‌ಫೋನು. ಬೇಡವೆಂದರೂ ದರ್ಜಿಯ ಕಿವಿ ಅತ್ತಲೇ ಹೋಯಿತು.

“ನಾವು ರೆಕಾರ್ಡ್ ಮಾಡಿದ ಹಾಡಲ್ಲಿ ನಿಮ್ಮ ಡ್ರಮ್ಮಿನ ಒಂದೊಂದೇ ಏಟು ಹಿಡಿದು, ಕಂಪ್ಯೂಟರ್ ಪರದೆ ಮೇಲಿನ ತಾಳದ ಗೆರೆಗೆ ಕೂರಿಸಿದೆ ಕಣ್ರೀ.”

“ಅಷ್ಟು ಕೆಟ್ಟದಾಗಿತ್ತಾ?”

“ಎಲ್ಲಾ ಏಟೂ ಕೂದಲೆಳೆಯಷ್ಟು ತಡ. ಊಟಕ್ಕೆ ಕರೆದರೆ ಬರ್ತೀರಲ್ಲ, ಹಾಗೆ.”

“ಈಗ ಹಾಡು ಚೆನ್ನಾಗಿದೆ ತಾನೆ?”

ಅವಳು ಒಂದು ಇಯರ್‌ಫೋನು ಅವನ ಕಿವಿಗೆ ತುರುಕಿದಳು.

“ಇದೇನೇ, ಈಗ ನಿನ್ನ ದನಿಯೇ ಹಿಂದೆ ಬೀಳ್ತಿದೆ!”

“ನಿಮ್ಮ ಏಟು ಕೇಳ್ಕೊಂಡೇ ತಾನೆ ನಾನು ಹಾಡಿದ್ದು? ನಿಮ್ಮನ್ನ ಮುಂದೆ ತಳ್ಳಿದೆ, ನಾನು ಅಲ್ಲೇ ಉಳಿದೆ.”

“ನಿನ್ನನ್ನೂ ಗೆರೆಗೆ ಕೂರಿಸು.”

“ಕೂರಿಸಿ ನೋಡಿದೆ. ಯಾರೋ ಹಾಡಿದ ಹಾಗಿತ್ತು.”

“ನಾಳೆ ಬೆಳಿಗ್ಗೆ ಹಾಡನ್ನ ರೇಡಿಯೋದವರಿಗೆ ಕಳಿಸಬೇಕಲ್ಲೇ!”

“ಮನೆಗೆ ಹೋಗಿ ನಿಮ್ಮನ್ನ ಮತ್ತೆ ಹಿಂದಕ್ಕೇ ಎಳೀತೀನಿ.”

“ಅಂದ್ರೆ ನಾನು ಬಾರಿಸಿದ್ದೇ ಸರಿ ಅಂತಾಯ್ತು.”

“ಸರಿ ಅಂದೆನಾ? ಜಾಸ್ತಿ ಬೀಗಬೇಡಿ.”

ಬಸ್ಸು ಬಂತು. ಅವಳು ಸರಕ್ಕನೆ ಹತ್ತಿದಳು. ಅವನಿನ್ನೂ ಡ್ರಮ್ಮಿನ ಪಟ್ಟಿ ಹೆಗಲಿಗೇರಿಸುತ್ತಿದ್ದ.

“ಸ್ವಲ್ಪ ತಡೀರಿ,” ಅಂತ ಅವಳು ಡ್ರೈವರಿಗೆ ಕೂಗಿದಳು, “ನಮ್ಮನೆಯವರು ಬರ್ತಿದಾರೆ.”