ಸಿಮೆಂಟ್ ಬಳಿದ ಹುಲ್ಲಿನ ಗೋಡೆ

ಕೊಪ್ಪದಲ್ಲಿ ಇರುವೆ ಸೀನಿದರೆ ಶೃಂಗೇರಿಯಲ್ಲಿ ಕುಳಿತು ಕೇಳಿಸಿಕೊಳ್ಳುವ ಕಿವಿ ನನ್ನದು. ಹೀಗಿರುವಾಗ ನರಸಿಂಹರಾಜಪುರದ ಬಸ್ಸಿನಲ್ಲಿ ಮುಂದಿನ ಸೀಟಿನವರ ಮಾತು ತಪ್ಪಿಸಿಕೊಳ್ಳುವುದುಂಟೇ? ಒಬ್ಬ, ಒತ್ತಿ ಕಟ್ಟಿದ ಹುಲ್ಲಿನ ಪೆಂಡಿಗಳಿಂದ ಗೋಡೆ ಎಬ್ಬಿಸುವ ಮೇಸ್ತ್ರಿ. ಇನ್ನೊಬ್ಬರು, ಅವನಿಂದ ಹೊಸ ಕೋಣೆ ಕಟ್ಟಿಸಿಕೊಂಡ ವಾರಿಜಕ್ಕ.

"ಮೇಸ್ತ್ರಿ, ಗೋಡೆ ನೂರು ವರ್ಷ ಬಾಳ್ತದೆ ಅಂದಿದ್ರಿ. ಎರಡೇ ವರ್ಷಕ್ಕೆ ಬಣ್ಣ ಉಬ್ಬಿದೆ."

"ಮಣ್ಣಿನ ಗಿಲಾವಿಗೆ ಬಣ್ಣ ಯಾಕೆ ಹೊಡೆಸಿದ್ರಿ ಅಕ್ಕಾ?"

"ಮಣ್ಣೆಲ್ಲಿ? ಮಗಳ ಮದುವೆಗೆ ಬಂದ ನೆಂಟರು ಕೊಟ್ಟಿಗೆ ಅಂತ ಆಡ್ಕೊಂಡಾರು ಅಂತ ಮೇಲೆ ಸಿಮೆಂಟ್ ಬಳಿಸಿದೆ."

ಮೇಸ್ತ್ರಿ ತೆರೆದ ಬಾಯೊಳಗೆ ನಮ್ಮ ಬಸ್ಸು ಹೊಕ್ಕು, ತಿರುಗಿಕೊಂಡು ಬರಬಹುದಿತ್ತು.

"ಒಳಗಿನ ಪಸೆ ಹೊರಗೆ ಹೋಗೋದು ಹ್ಯಾಗೆ ಮಾರಾಯ್ರೆ? ಗೋಡೆ ಮುಟ್ಟಿ ನೋಡಿದ್ರಾ?"

"ಬೆಳಿಗ್ಗೆ ಮುಟ್ಟಿದೆ. ಬೆಚ್ಚಗಿತ್ತು. ಬಾಳಂತಿಗೆ ಒಳ್ಳೇದೇ ಆಯ್ತು ಅಂದ್ಕೊಂಡೆ."

"ಬಾಳಂತಿ ಯಾರು?"

"ಮಗಳೇ. ಈಗ ಕರ್ಕೊಂಡು ಬರೋಕೇ ಹೊರಟಿದ್ದು. ಮಗುವಿಗೆ ಇಪ್ಪತ್ತು ದಿನ."

"ಹುಲ್ಲಿನ ಬಣವೆಗೆ ಕೈ ತೂರಿಸಿ ನೋಡಿದವರು ನೀವು. ಒಳಗೆ ಬೆಚ್ಚಗಿದ್ರೆ ಏನರ್ಥ?"

ವಾರಿಜಕ್ಕ ಗೋಡೆ ಮುಟ್ಟಿದ ಅಂಗೈಯನ್ನು ಸೆರಗಿಗೆ ಒರೆಸಿಕೊಂಡರು.

"ಕೊಳೀತಿದೆ ಅಂತ. ಅಂಥ ಹುಲ್ಲು ದನಕ್ಕೂ ಹಾಕಲ್ಲ."

"ಆ ಬೂಷ್ಟಿನ ಗಾಳಿ ಮಗುವಿಗೆ ಕುಡಿಸ್ತೀರಾ?"

ಶೆಟ್ಟಿಕೊಪ್ಪ ಬಂತು. ಮೇಸ್ತ್ರಿ ಎದ್ದ. ನರಸಿಂಹರಾಜಪುರಕ್ಕೆ ಟಿಕೆಟ್ ತೆಗೆದಿದ್ದ ವಾರಿಜಕ್ಕನೂ ಎದ್ದರು.

"ನೀವೆಲ್ಲಿಗೆ?"

"ನಿಮ್ಮ ಹಾರೆ ತಗೊಳ್ಳಿ, ವಾಪಸ್ ಹೋಗುವ. ಇವತ್ತೇ ಒಡೀಬೇಕು."

"ಕಾಯ್ತಿರೋ ಮಗಳಿಗೆ ಏನು ಹೇಳ್ತೀರಿ?"

ವಾರಿಜಕ್ಕ ಇಳಿಯುತ್ತಾ ಹೇಳಿದ್ದು ಇಷ್ಟು:

"ನೆಂಟರ ಬಾಯಿಗೆ ಹೆದರಿ ನಿನ್ನ ಕೋಣೆ ನಾನೇ ಕೊಳೆಸಿದೆ ಅಂತ."